ಹಾರ್ಲಿಕ್ಸ್ ಬಾಟಲಿಯ ಜೇನು

ಊರಿಂದ ಅಮ್ಮ ಬಂದರೆ ಬ್ಯಾಗಿನಲ್ಲಿ ಬಟ್ಟೆ ಕಮ್ಮಿ, ಬಾಟಲಿ ಜಾಸ್ತಿ. ಈ ಫೆಬ್ರವರಿಯಲ್ಲಿ ಮಗಳು ಹುಟ್ಟಿದಾಗ ಬಂದವಳು ತಂದಿದ್ದು ಮಿಡಿ ಉಪ್ಪಿನಕಾಯಿ, ತುಪ್ಪ, ಒಣಗಿಸಿದ ಬಜೆ ಬೇರು, ಮತ್ತೆ ಹಳೇ ಹಾರ್ಲಿಕ್ಸ್ ಬಾಟಲಿಯ ಕುತ್ತಿಗೆವರೆಗೂ ತುಂಬಿದ ತುಡುವೆ ಜೇನು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ರಬ್ಬರ್ ಬ್ಯಾಂಡ್, ಅದರ ಮೇಲೆ ಅವಳದೇ ಹಳೇ ಸೀರೆಯ ತುಂಡು. ಬಸ್ಸಿನಲ್ಲಿ ರಾತ್ರಿಯಿಡೀ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳಂತೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಂದೆ, ತೋಟದ ಅಂಚಿನಲ್ಲಿ ಎರಡು ಜೇನುಪೆಟ್ಟಿಗೆ ಇವೆ. ಅವನ್ನು ನೋಡಿಕೊಳ್ಳುತ್ತಿದ್ದದ್ದು ಅಪ್ಪಯ್ಯ. ಕಳೆದ ವರ್ಷ ಮೇ ತಿಂಗಳಲ್ಲಿ ಈ ಜೇನು ತೆಗೆದರು, ಜುಲೈ ಮಳೆಯಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಮಡಚಿ ಎದೆಗೆ ಅಂಟಿಕೊಂಡಿತು, ಮುಷ್ಟಿ ಬಿಗಿಯಿತು. ಅಂದರೆ ಆ ಬಾಟಲಿಯಲ್ಲಿದ್ದದ್ದು ಅಪ್ಪಯ್ಯ ಎರಡೂ ಕೈಯಲ್ಲಿ ತೆಗೆದ ಕೊನೇ ಜೇನು. ಇದು ನನಗೆ ಆಗ ಹೊಳೆಯಲಿಲ್ಲ. ಅಮ್ಮ ಹೇಳಲೂ ಇಲ್ಲ.

ಬಾಣಂತನ ತವರಲ್ಲಿ ಆಗಬೇಕಿತ್ತು. ಅತ್ತೆಗೆ ಅದೇ ತಿಂಗಳು ಮಂಡಿ ಆಪರೇಷನ್ ಆಗಿದ್ದರಿಂದ ಬೆಂಗಳೂರಿನ ನಮ್ಮ ಎರಡು ರೂಮಿನ ಫ್ಲ್ಯಾಟಿನಲ್ಲೇ ಆಯಿತು. ಹೇಗೂ ಅಪ್ಪಯ್ಯನಿಗೆ ಇಲ್ಲಿ ಒಳ್ಳೆ ಫಿಸಿಯೋಥೆರಪಿ ಸಿಗುತ್ತೆ ಅಂತ ಅವರನ್ನೂ ಕರೆಸಿಕೊಂಡೆ. ಒಂದು ರೂಮಿನಲ್ಲಿ ಬಾಣಂತಿ, ಇನ್ನೊಂದರಲ್ಲಿ ಅಪ್ಪಯ್ಯ, ಹಾಲಿನಲ್ಲಿ ನಾನು ಮತ್ತು ನನ್ನ ಸ್ಟ್ಯಾಂಡಪ್ ಕಾಲ್.

ಆರು ವಾರದ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರು ತೂಕ ನೋಡಿ, ತಲೆ ಸುತ್ತಳತೆ ಬರೆದುಕೊಂಡು, ಕೇಳಿದರು: "ಎದೆಹಾಲು ಬಿಟ್ಟು ಬೇರೆ ಏನಾದ್ರೂ ಕೊಡ್ತಿದ್ದೀರಾ? ಗ್ರೈಪ್ ವಾಟರ್, ಬಜೆ, ಜೇನು?"

ನಾನೂ ಹೆಂಡತಿಯೂ ಒಟ್ಟಿಗೇ ಇಲ್ಲ ಅಂದೆವು. ಅಮ್ಮ ಗೋಡೆ ಮೇಲಿನ ಮಿಕ್ಕಿಮೌಸ್ ಚಿತ್ರ ನೋಡುತ್ತಿದ್ದಳು.

"ಜೇನು ಮಾತ್ರ ಒಂದು ವರ್ಷ ತುಂಬೋವರೆಗೂ ಬೇಡ. ಒಂದು ಹನೀನೂ ಬೇಡ. ಬೊಟುಲಿಸಂ ಅಂತ ಒಂದು ಕಾಯಿಲೆ ಬರಬಹುದು" ಅಂದರು ಡಾಕ್ಟರು. ಹೊರಗೆ ಇನ್ನೂ ಹದಿನಾಲ್ಕು ಟೋಕನ್ ಕಾಯುತ್ತಿದ್ದವು. ಅಷ್ಟೇ ಹೇಳಿದರು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಅಮ್ಮ ಮೆಲ್ಲಗೆ ಅಂದಳು, "ಹನ್ನೆರಡನೇ ದಿನ ಒಂದು ಹನಿ ಮುಟ್ಟಿಸಿದ್ದೆ ಕಣೋ. ಉಂಗುರದ ತುದೀಲಿ. ತೊಟ್ಟಿಲಿಗೆ ಹಾಕೋ ಮುಂಚೆ."

ನಾನು ಕೂಗಾಡಿದೆ. ಆಮೇಲೆ ನಾಚಿಕೆಪಡಬೇಕಾದ ಹಾಗೆ ಕೂಗಾಡಿದೆ. ಫೋನ್ ತೆಗೆದು, ಓದಿದ್ದನ್ನೆಲ್ಲ ಅವಳ ಮುಂದೆ ಸುರಿದೆ. ಆ ಬಾಟಲಿಯಲ್ಲಿರೋದು ವಿಷ ಅಂದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ನಿಂಗೂ ಮುಟ್ಟಿಸಿದ್ದೆ. ನಿನ್ನಪ್ಪಯ್ಯಂಗೂ ಮುಟ್ಟಿಸಿರ್ತಾರೆ. ಎಂಥ ಆಗಿದೆ ಈಗ?"

ನಮ್ಮ ಭಾಷೆಯಲ್ಲಿ ಇದಕ್ಕೆ "ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿದೆ" ಅಂತೀವಿ. ಉತ್ತರ ಕೊಡುವುದು ಅಷ್ಟು ಸುಲಭ ಅಲ್ಲ, ಯಾಕೆಂದರೆ ಅವಳು ಹೇಳಿದ್ದು ನಿಜ. ಜೇನು ನೆಕ್ಕಿದ ಶಿಶುಗಳಲ್ಲಿ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ನಮ್ಮ ದೇಶದಲ್ಲಿ ಶಿಶುಗಳ ಬೊಟುಲಿಸಂ ವರದಿಯಾಗುವುದೇ ತೀರಾ ವಿರಳ. ಆದರೆ ಆಗುವ ಒಂದು ಮಗು ನಮ್ಮದಾದರೆ ಅದು ವೆಂಟಿಲೇಟರಿನ ಮೇಲೆ ವಾರಗಟ್ಟಲೆ ಇರಬೇಕಾಗಬಹುದು.

ಕಥೆ ಹೀಗಿದೆ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾ ಮಣ್ಣಲ್ಲಿ, ಧೂಳಲ್ಲಿ, ಕೆರೆ ಕೆಸರಲ್ಲಿ ಎಲ್ಲ ಕಡೆ ಇದೆ. ಗಾಳಿ ಇರುವ ಕಡೆ ಅದು ಬೆಳೆಯುವುದಿಲ್ಲ. ಆಗ ಗಟ್ಟಿ ಕವಚ ಕಟ್ಟಿಕೊಂಡು ಬೀಜದ ಹಾಗೆ ಮಲಗಿರುತ್ತೆ. ಆ ಬೀಜಕ್ಕೆ ಸ್ಪೋರ್ ಅಂತ ಹೆಸರು. ಕುದಿಯುವ ನೀರಿಗೂ ಜಗ್ಗುವುದಿಲ್ಲ. ಜೇನುಹುಳ ಹೂವಿಂದ ಹೂವಿಗೆ ಹೋಗುವಾಗ ಧೂಳಿನ ಜೊತೆ ಅದನ್ನೂ ತರಬಹುದು. ಜೇನಿನೊಳಗೆ ನೀರು ಕಮ್ಮಿ, ಹಾಗಾಗಿ ಅದು ಅಲ್ಲಿ ಮೊಳೆಯುವುದಿಲ್ಲ, ಸುಮ್ಮನೆ ಕೂತಿರುತ್ತೆ. ನಾವು ದೊಡ್ಡವರು ತಿಂದರೆ ನಮ್ಮ ಕರುಳಿನಲ್ಲಿ ಮುಂಚೆಯೇ ಮನೆ ಮಾಡಿಕೊಂಡಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳು ಹೊಸಬನಿಗೆ ಜಾಗ ಕೊಡುವುದಿಲ್ಲ. ಕೆಲವು ವಾರದ ಮಗುವಿನ ಕರುಳು ಇನ್ನೂ ಖಾಲಿ ಸೈಟಿದ್ದ ಹಾಗೆ. ಅಲ್ಲಿ ಮೊಳೆತು, ಬೆಳೆದು, ವಿಷ ಮಾಡಲು ಶುರುಮಾಡುತ್ತೆ. ಮನುಷ್ಯರಿಗೆ ಗೊತ್ತಿರುವ ವಿಷಗಳಲ್ಲೇ ಅತ್ಯಂತ ತೀಕ್ಷ್ಣವಾದವುಗಳಲ್ಲಿ ಅದೊಂದು.

ವಿಷ ಮಾಡುವುದು ಒಂದೇ ಕೆಲಸ. ನರ ಸ್ನಾಯುವಿಗೆ "ಕುಗ್ಗು" ಅಂತ ಹೇಳಲು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಕಳಿಸುತ್ತೆ. ಈ ವಿಷ ನರದ ತುದಿಗೆ ಹೊಕ್ಕು ಆ ಕಳಿಸುವ ಯಂತ್ರವನ್ನೇ ಕತ್ತರಿಸಿಬಿಡುತ್ತೆ. ಸ್ನಾಯು ಕೆಟ್ಟಿಲ್ಲ, ನರವೂ ಸತ್ತಿಲ್ಲ, ನಡುವೆ ಮಾತು ನಿಂತಿದೆ ಅಷ್ಟೆ. ಮಗುವಿನಲ್ಲಿ ಮೊದಲು ಕಾಣುವುದು ಮಲಬದ್ಧತೆ. ಆಮೇಲೆ ಅಳು ಸಣ್ಣಗಾಗುತ್ತೆ, ರೆಪ್ಪೆ ಜೋಲುತ್ತೆ, ಹಾಲು ಎಳೆಯಲು ಶಕ್ತಿ ಸಾಲುವುದಿಲ್ಲ, ಕುತ್ತಿಗೆ ಬಟ್ಟೆಯ ಹಾಗೆ ಬೀಳುತ್ತೆ. ಕೊನೆಗೆ ಉಸಿರಾಟದ ಸ್ನಾಯುಗಳು. ಇದೊಂದು ಪ್ರತ್ಯೇಕ ಕಾಯಿಲೆ ಅಂತ ಗುರುತಿಸಿದ್ದೇ 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೂ ಮುಂಚೆ ಈ ಮಕ್ಕಳು ಬೇರೆ ಯಾವುದೋ ಹೆಸರಿನಲ್ಲಿ ಹೋಗಿರುತ್ತಾರೆ. ಬಹಳಷ್ಟು ಪ್ರಕರಣಗಳಲ್ಲಿ ಸ್ಪೋರ್ ಎಲ್ಲಿಂದ ಬಂತು ಅಂತ ತಿಳಿಯುವುದೇ ಇಲ್ಲ, ಧೂಳಿಂದಲೇ ಇರಬೇಕು. ಧೂಳನ್ನು ನಾವು ತಡೆಯಲಾರೆವು, ಜೇನನ್ನು ತಡೆಯಬಹುದು. ಡಾಕ್ಟರು "ಒಂದು ಹನೀನೂ ಬೇಡ" ಅನ್ನುವುದು ಅದಕ್ಕೆ. ಕಾಯಿಸಿದ ಜೇನು, ಕಂಪನಿ ಜೇನು, ಕಾಡು ಜೇನು, ಯಾವುದಾದರೂ ಒಂದೇ.

ಇದನ್ನೆಲ್ಲ ಹೀಗೆ ಸಮಾಧಾನವಾಗಿ ಆವತ್ತು ಹೇಳಿದ್ದರೆ ಚೆನ್ನಾಗಿತ್ತು.

ಲಸಿಕೆಯ ಮಾರನೇ ದಿನದಿಂದ ಮಗು ಕಕ್ಕ ಮಾಡಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ನಾನು ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಾಕಿ ಮಗುವಿನ ರೆಪ್ಪೆ ನೋಡುತ್ತಿದ್ದೆ. ಹನ್ನೆರಡನೇ ದಿನದಿಂದ ಲೆಕ್ಕ ಹಾಕಿದರೆ ಮೂವತ್ತು ದಿನದ ಆಸುಪಾಸು. ಸ್ಪೋರ್ ಹೊಟ್ಟೆಗೆ ಹೋಗಿ ಮೂರರಿಂದ ಮೂವತ್ತು ದಿನದೊಳಗೆ ಲಕ್ಷಣ ಬರಬಹುದು ಅಂತ ಓದಿದ್ದೆ. ಹೆಂಡತಿ ಅಳಲಿಲ್ಲ, ನನ್ನ ಫೋನ್ ಕಿತ್ತು ದಿಂಬಿನಡಿ ಇಟ್ಟಳು. ನಾಲ್ಕನೇ ದಿನ ಮತ್ತೆ ಅದೇ ಕ್ಲಿನಿಕ್. ಡಾಕ್ಟರು ಮಗುವಿನ ಕೈ ಹಿಡಿದೆತ್ತಿ ಕುತ್ತಿಗೆ ನೋಡಿದರು, ಬಾಯಿಗೆ ಬೆರಳಿಟ್ಟು ಚೀಪುವ ಜೋರು ನೋಡಿದರು. ಅಷ್ಟರಲ್ಲಿ ಇವಳು ಇಡೀ ಕ್ಲಿನಿಕ್ ಹಾರಿಹೋಗುವ ಹಾಗೆ ಕಿರುಚಿದಳು. "ಈ ಅಳು ಕೇಳಿದ ಮೇಲೂ ಅನುಮಾನವಾ?" ಅಂತ ನಕ್ಕರು. ಬರೀ ಎದೆಹಾಲು ಕುಡಿಯುವ ಮಕ್ಕಳು ಈ ವಯಸ್ಸಿನಲ್ಲಿ ನಾಲ್ಕೈದು ದಿನ ಮಾಡದೇ ಇರುವುದು ಮಾಮೂಲಂತೆ. ಮನೆಗೆ ಬರುವ ದಾರಿಯಲ್ಲೇ, ಕ್ಯಾಬಿನಲ್ಲೇ, ಮೂರು ದಿನದ ಬಾಕಿ ತೀರಿಸಿದಳು.

ಆ ವಾರ ಅಮ್ಮ ಜೇನಿನ ಬಾಟಲಿಯನ್ನು ಫ್ರಿಜ್ಜಿನ ಮೇಲಿಂದ ತೆಗೆದು, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಖಾಲಿ ಕುಕ್ಕರಿನ ಹಿಂದೆ ಇಟ್ಟುಬಿಟ್ಟಳು. ಬಾಣಂತಿ ತಿನ್ನಬಹುದು, ಎದೆಹಾಲಿನಲ್ಲಿ ಬರಲ್ಲ ಅಂತ ನಾನು ಹೇಳಿದ ಮೇಲೂ ಕೆಳಗಿಳಿಸಲಿಲ್ಲ. ಆದರೆ ಅವಳ ತಲೆಯಲ್ಲಿ ಆ ಪದ ಓಡುತ್ತಲೇ ಇತ್ತು. ಒಂದು ದಿನ ಊಟಕ್ಕೆ ಬಡಿಸುವಾಗ ಕೇಳಿದಳು. "ಗಾಳಿ ಇಲ್ದಿದ್ ಕಡೆ ಬೆಳೀತದೆ ಅಂದ್ಯಲ್ಲ, ಹಂಗಾದ್ರೆ ಉಪ್ಪಿನಕಾಯಿ ಭರಣಿ?"

ಒಳ್ಳೇ ಪ್ರಶ್ನೆ. ಈ ಕಾಯಿಲೆಯ ಇತಿಹಾಸವೇ ಭರಣಿ, ಡಬ್ಬ, ಹೊಗೆ ಹಾಕಿದ ಮಾಂಸದ ಇತಿಹಾಸ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಸಾಸೇಜ್ ತಿಂದು ಜನ ಸಾಯುತ್ತಿದ್ದರು. ಯುಸ್ಟಿನುಸ್ ಕೆರ್ನರ್ ಅನ್ನುವ ವೈದ್ಯ, ಅವನು ಕವಿಯೂ ಹೌದು, ಆ ಪ್ರಕರಣಗಳನ್ನೆಲ್ಲ ಕಲೆಹಾಕಿ 1820 ಮತ್ತು 1822ರಲ್ಲಿ ಬರೆದ. ವಿಷದ ಸಾರ ತೆಗೆದು ತನ್ನ ಮೇಲೇ ಪ್ರಯೋಗ ಮಾಡಿಕೊಂಡ ಪುಣ್ಯಾತ್ಮ. ಲ್ಯಾಟಿನ್‌ನಲ್ಲಿ ಸಾಸೇಜಿಗೆ ಬೊಟುಲಸ್ ಅಂತಾರೆ, ಹೆಸರು ಬಂದದ್ದು ಅಲ್ಲಿಂದ. 1895ರಲ್ಲಿ ಬೆಲ್ಜಿಯಂನ ಎಲೆಝೆಲ್ ಅನ್ನುವ ಹಳ್ಳಿಯಲ್ಲಿ ಒಂದು ಸಾವಿನ ಮನೆಗೆ ವಾದ್ಯ ನುಡಿಸಲು ಬಂದವರು ಹಂದಿಯ ಹ್ಯಾಮ್ ತಿಂದು ಮಲಗಿದರು, ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಆ ಹ್ಯಾಮಿನಿಂದಲೇ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ನಮ್ಮಲ್ಲಿ ಮಾಂಸದ ಡಬ್ಬ ಕಮ್ಮಿ ಅಂತ ನಿರಾಳವಾಗುವ ಹಾಗಿಲ್ಲ. 1996ರಲ್ಲಿ ಗುಜರಾತಿನ ಒಂದು ವಸತಿಶಾಲೆಯ 34 ಮಕ್ಕಳು ಆಸ್ಪತ್ರೆ ಸೇರಿದರು. ಅನುಮಾನ ಬಂದದ್ದು ಕಡಲೆಹಿಟ್ಟಿನ ಸೇವಿನ ಮೇಲೆ. ಸಿಕ್ಕಿದ್ದು ಇದೇ ವಿಷ ಮಾಡುವ, ಕ್ಲಾಸ್ಟ್ರಿಡಿಯಂ ಬ್ಯುಟೈರಿಕಂ ಅನ್ನುವ ದಾಯಾದಿ.

ಅಮ್ಮನ ಮಿಡಿಗೆ ಭಯವಿಲ್ಲ. ಹುಳಿ ಹೆಚ್ಚಿರುವ ಕಡೆ, ಅಂದರೆ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಈ ಬ್ಯಾಕ್ಟೀರಿಯಾ ಬೆಳೆಯಲ್ಲ. ಉಪ್ಪು ಹೆಚ್ಚಿದ್ದರೂ ಬೆಳೆಯಲ್ಲ. ಮಾವಿನ ಮಿಡಿಯಲ್ಲಿ ಹುಳಿ ಇದೆ, ಅದರ ಮೇಲೆ ಅಮ್ಮ ಸುರಿಯುವ ಉಪ್ಪನ್ನು ನೀವು ನೋಡಬೇಕು. "ಉಪ್ಪು ಕಂಜೂಸು ಮಾಡಿದ್ರೆ ಮಿಡಿ ಹಾಳು" ಅನ್ನುವುದು ಅವಳ ಪಿಎಚ್ ಮೀಟರು. ನಿಜವಾದ ಅಪಾಯ ಇರುವುದು ನಮ್ಮಂಥವರ ಅಡುಗೆಮನೆಯಲ್ಲಿ. ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಚೆಂದದ ಗಾಜಿನ ಬಾಟಲಿಯಲ್ಲಿ ಕಿಚನ್ ಕೌಂಟರಿನ ಮೇಲೆ ಇಡುತ್ತೀವಲ್ಲ, ಅದು. ಬೆಳ್ಳುಳ್ಳಿ ಮಣ್ಣಿನ ವಸ್ತು, ಹುಳಿ ಇಲ್ಲ, ಉಪ್ಪಿಲ್ಲ, ಎಣ್ಣೆ ಗಾಳಿ ತಡೆಯುತ್ತೆ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಇಂಥದೇ ಬೆಳ್ಳುಳ್ಳಿ ಎಣ್ಣೆಯಿಂದ 36 ಜನ ಬಿದ್ದರು. ಮಾಡಿದರೆ ಸ್ವಲ್ಪ ಮಾಡಿ, ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ವಾಸನೆ ನೋಡಿ ತೀರ್ಮಾನಿಸಬೇಡಿ, ಕೆಲವು ಸಲ ವಾಸನೆಯೂ ಬರಲ್ಲ, ರುಚಿಯೂ ಕೆಡಲ್ಲ. ವಿಷ ಮಾತ್ರ ಸ್ಪೋರಿನಷ್ಟು ಗಟ್ಟಿ ಅಲ್ಲ. ಚೆನ್ನಾಗಿ ಹತ್ತು ನಿಮಿಷ ಕುದಿಸಿದರೆ ಸಾಯುತ್ತೆ.

ಇತ್ತ ಅಪ್ಪಯ್ಯನ ಮುಷ್ಟಿ ಬಿಚ್ಚುತ್ತಿರಲಿಲ್ಲ. ಉಗುರು ಅಂಗೈಗೆ ಚುಚ್ಚಿ ಗಾಯವಾಗಿತ್ತು. ಅಮ್ಮ ದಿನಾ ಬೆರಳುಗಳ ನಡುವೆ ಬಟ್ಟೆ ತೂರಿಸಿ ಒರೆಸುತ್ತಿದ್ದಳು, ಅವರು ಹಲ್ಲುಕಚ್ಚಿ ಗೋಡೆ ನೋಡುತ್ತಿದ್ದರು. ಫಿಸಿಯೋಥೆರಪಿ ಮಾಡುವ ಹುಡುಗ ಹೇಳಿದ, "ಸರ್, ಇಷ್ಟು ಬಿಗಿ ಇದ್ರೆ ನಾನೇನೂ ಮಾಡಕ್ಕಾಗಲ್ಲ. ನ್ಯೂರೋ ಡಾಕ್ಟರ್ ಹತ್ರ ಇಂಜೆಕ್ಷನ್ ಕೇಳಿ." ನರರೋಗ ತಜ್ಞರು ಕೈ ಮಡಚಿ ಬಿಡಿಸಿ ನೋಡಿದರು. ಎರಡು ವೈಯಲ್, ಒಟ್ಟು 200 ಯೂನಿಟ್, ಮುಂಗೈ ಮತ್ತು ತೋಳಿನ ಸ್ನಾಯುಗಳಿಗೆ. ಮೂರ್ನಾಲ್ಕು ತಿಂಗಳು ಕೆಲಸ ಮಾಡುತ್ತೆ, ಅಷ್ಟರಲ್ಲಿ ಫಿಸಿಯೋ ಮಾಡಿಸಿಕೊಳ್ಳಬೇಕು. ಬಿಲ್ಲು ನನ್ನ ಮೊದಲ ಕೆಲಸದ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಇತ್ತು.

ನರ್ಸ್ ನಾಲ್ಕು ಪುಟದ ಫಾರಂ ಕೊಟ್ಟರು. ಎಲ್ಲೆಲ್ಲಿ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದಿದ್ದರೋ ಅಲ್ಲೆಲ್ಲ ಸಹಿ ಹಾಕಿದೆ. ಹತ್ತು ವರ್ಷದಿಂದ "ಐ ಅಗ್ರೀ" ಒತ್ತಿ ಒತ್ತಿ ಅಭ್ಯಾಸವಾಗಿರುವ ಬೆರಳು. ಯಾರೂ ಏನೂ ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ಒಳಗೆ ಅಮ್ಮ ಅಪ್ಪಯ್ಯನ ಎಡಗೈ ಹಿಡಿದು ಕೂತಿದ್ದಳು.

ವಾಪಸ್ ಬರುವಾಗ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅಮ್ಮ ಹಿಂದಿನ ಸೀಟಿಂದ ಕೇಳಿದಳು. "ಡಾಕ್ಟ್ರು ಆ ನರ್ಸಿಗೆ ಎಂಥದೋ ಬೊಟುಲಿನಂ ಅಂದ್ರು. ನೀ ಅವತ್ತು ಜೇನಿಗೆ ಹೇಳಿದ್ಯಲ್ಲ, ಅದೇನಾ?"

ನಾನು ಹಿಂದೆ ತಿರುಗಲಿಲ್ಲ. ಹೌದು ಅಂದೆ.

"ಮಗೂಗೆ ಒಂದು ಹನಿ ಮುಟ್ಟಿಸಿದ್ದಕ್ಕೆ ಕೊಲೆ ಮಾಡಿದ ಹಂಗೆ ಕೂಗಿದೆ. ಇವ್ರಿಗೆ ದುಡ್ಡು ಕೊಟ್ಟು ಚುಚ್ಚಿಸ್ದೆ."

ಅಪ್ಪಯ್ಯನಿಗೆ ಸ್ಟ್ರೋಕ್ ಆದಮೇಲೆ ಮಾತು ಕಮ್ಮಿ. ಆವತ್ತು ಮಾತ್ರ ಅವರ ಕಡೆಯಿಂದ ಒಂದು ನಗುವಿನಂಥ ಸದ್ದು ಬಂತು.

ಅವಳಿಗೆ ಹೇಳಿದೆ, ಇದು ಅಳೆದು ಕೊಡೋದು, ಆ ಸ್ನಾಯುವಿಗೆ ಮಾತ್ರ ಕೊಡೋದು. ಕೆರ್ನರನೇ ಇನ್ನೂರು ವರ್ಷದ ಹಿಂದೆ ಊಹಿಸಿದ್ದ, ಈ ವಿಷವನ್ನು ತೀರಾ ಸ್ವಲ್ಪ ಕೊಟ್ಟರೆ ಅತಿಯಾಗಿ ಸೆಳೆಯುವ ನರಗಳನ್ನು ಸುಮ್ಮನಾಗಿಸಬಹುದು ಅಂತ. ಅದನ್ನು ಮಾಡಿ ತೋರಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್. ಮೆಳ್ಳೆಗಣ್ಣು ಸರಿಮಾಡಲು ಕಣ್ಣಿನ ಸ್ನಾಯುವಿಗೆ ಚುಚ್ಚಿದರು. 1989ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿತು. ಹುಬ್ಬುಗಳ ನಡುವಿನ ಗೆರೆ ಅಳಿಸಲು ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಜಗತ್ತಿಗೆ ಗೊತ್ತಾದದ್ದು ಮಾತ್ರ ಆ ಎರಡನೆಯದೇ. ಒಂದು ವೈಯಲ್‌ನಲ್ಲಿ ಇರುವ ವಿಷ ಸುಮಾರು ಒಂದು ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿನ ಆಸುಪಾಸು. ಅಮ್ಮ ಎಲ್ಲ ಕೇಳಿಸಿಕೊಂಡು "ಅಳತೆ ತಪ್ಪಿದ್ರೆ?" ಅಂದಳು. ತಪ್ಪಲ್ಲ ಅಂದೆ. ಎಷ್ಟು ಸಲೀಸಾಗಿ ಅಂದೆ!

ಆರನೇ ದಿನ ರಾತ್ರಿ ಗಂಜಿ ಕುಡಿಯುವಾಗ ಅಪ್ಪಯ್ಯನಿಗೆ ನೆತ್ತಿಗೇರಿತು. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ನೀರು ಕೊಟ್ಟೆವು, ಅದೂ ಏರಿತು. ಗಂಟಲು ತೋರಿಸಿ ತಲೆ ಆಡಿಸಿದರು, ಇಳೀತಿಲ್ಲ ಅನ್ನುವ ಹಾಗೆ. ದನಿ ಮೂಗಿನಲ್ಲಿ ಬಂದ ಹಾಗೆ ನನಗೆ ಅನ್ನಿಸಿತು. ಅನ್ನಿಸಿತೋ, ಬಂತೋ, ಈಗಲೂ ಗೊತ್ತಿಲ್ಲ.

ಫೈಲಿನಲ್ಲಿದ್ದ ಫಾರಂನ ಕಾರ್ಬನ್ ಪ್ರತಿ ತೆಗೆದೆ. ಮೂರನೇ ಪುಟ, ಸಣ್ಣ ಅಕ್ಷರ. ಔಷಧದ ಪರಿಣಾಮ ಚುಚ್ಚಿದ ಜಾಗದಿಂದ ದೂರ ಹರಡಿ ನುಂಗಲು, ಉಸಿರಾಡಲು ತೊಂದರೆ ಆಗಬಹುದು. ಕೆಲವು ಗಂಟೆಗಳಿಂದ ಕೆಲವು ವಾರಗಳ ನಂತರವೂ ಕಾಣಿಸಬಹುದು. ಹಾಗಾದರೆ ತಕ್ಷಣ ಬನ್ನಿ. ಕೆಳಗೆ ನನ್ನದೇ ಸಹಿ, ತುಂಬಾ ಸ್ಟೈಲಾಗಿ.

ಈ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ. ಸ್ನಾಯು ಬಿಗಿತಕ್ಕೆ ಇಂಜೆಕ್ಷನ್ ತೆಗೆದುಕೊಂಡ ಸೆರೆಬ್ರಲ್ ಪಾಲ್ಸಿ ಮಕ್ಕಳಲ್ಲಿ ಸಾವಿನ ವರದಿಗಳು ಬಂದಮೇಲೆ, 2009ರಲ್ಲಿ ಎಫ್‌ಡಿಎ ಈ ಜಾತಿಯ ಎಲ್ಲ ಔಷಧಗಳ ಮೇಲೂ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು. ವೈದ್ಯರು ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಹೀಗಾಗುವುದು ಅಪರೂಪ. ಅಪರೂಪ ಅನ್ನುವ ಪದದ ಬೆಲೆ ಏನು ಅಂತ ಒಂದು ತಿಂಗಳ ಹಿಂದಷ್ಟೇ ಅಮ್ಮನಿಗೆ ನಾನೇ ಪಾಠ ಮಾಡಿದ್ದೆ.

ಮನೆಗೆ ಹತ್ತಿರದ ಇನ್ನೊಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದೆವು. ರಾತ್ರಿ ಹನ್ನೊಂದೂವರೆ. ಡ್ಯೂಟಿಯಲ್ಲಿದ್ದ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ಪಟಪಟ ಕೇಳಿದಳು. "ಯಾವ ಬ್ರ್ಯಾಂಡ್? ಎಷ್ಟು ಯೂನಿಟ್? ಯಾವ ಯಾವ ಮಸಲ್? ಬ್ಯಾಚ್ ನಂಬರ್?" ನಾನು 200 ಅಂದೆ. "ಯಾವ ಬ್ರ್ಯಾಂಡಿನ 200? ಒಂದೊಂದು ಕಂಪನಿ ಯೂನಿಟ್ ಒಂದೊಂದು ಥರ ಸರ್, ಒಂದರ ಲೆಕ್ಕ ಇನ್ನೊಂದಕ್ಕೆ ಬರಲ್ಲ." ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದು ಇಷ್ಟೇ: ಬೊಟುಲಿನಂ ಟಾಕ್ಸಿನ್ ಕೊಡಲಾಗಿದೆ. ಮೊದಲಿನ ಆಸ್ಪತ್ರೆಗೆ ಫೋನ್ ಮಾಡಿದೆ, ಬೆಳಿಗ್ಗೆ ಒಂಬತ್ತಕ್ಕೆ ಓಪಿಡಿಗೆ ಬನ್ನಿ ಅಂದರು. ಪ್ರೊಡಕ್ಷನ್ ಕೆಳಗೆ ಬಿದ್ದಾಗ ಲಾಗ್ ಇಡದವನನ್ನು ನಾನು ಮೀಟಿಂಗಿನಲ್ಲಿ ಹೇಗೆ ಬೈಯುತ್ತೇನೆ ಅಂತ ನನ್ನ ಟೀಮಿಗೆ ಗೊತ್ತು.

ಅಮ್ಮ ತನ್ನ ಕೈಚೀಲ ಬಿಚ್ಚಿದಳು. ಅದರಲ್ಲಿ ಎಲೆಡಿಕೆ ಡಬ್ಬಿ, ಮಗುವಿನ ಒಂದು ಟೋಪಿ, ಆಮೇಲೆ ಚಪ್ಪಟೆ ಮಾಡಿ ಮಡಚಿದ ಎರಡು ರಟ್ಟಿನ ಡಬ್ಬ. ಇಂಜೆಕ್ಷನ್ನಿನ ಖಾಲಿ ಡಬ್ಬ.

ಊರಿನಲ್ಲಿ ಅವಳ ಅಭ್ಯಾಸವೇ ಅದು. ಡಾಕ್ಟರು ಕೊಟ್ಟ ಮಾತ್ರೆಯ ಖಾಲಿ ಶೀಟು, ಟಾನಿಕ್ಕಿನ ಡಬ್ಬ, ಯಾವುದನ್ನೂ ಎಸೆಯಲ್ಲ. ಓದಲು ಬರಲ್ಲ ಅಂತಲ್ಲ, ಇಂಗ್ಲಿಷ್ ಬರಲ್ಲ. ಮುಂದಿನ ಸಲ ಇನ್ನೊಬ್ಬ ಡಾಕ್ಟರ ಮುಂದೆ "ಇದು ಕೊಟ್ಟಿದ್ರು" ಅಂತ ಇಡಲು ಬೇಕಲ್ಲ. ಆವತ್ತು ನರ್ಸ್ ಕಸದ ಬುಟ್ಟಿಗೆ ಹಾಕುವಾಗ ಕೇಳಿ ಇಸಕೊಂಡಿದ್ದಳಂತೆ. ಕಂಪನಿ ಹೆಸರು, ಯೂನಿಟ್, ಬ್ಯಾಚ್, ಎಕ್ಸ್‌ಪೈರಿ, ಎರಡರಿಂದ ಎಂಟು ಡಿಗ್ರಿಯಲ್ಲಿ ಇಡಬೇಕು ಅನ್ನುವುದು, ಎಲ್ಲ ಅದರಲ್ಲಿತ್ತು. "ಐದು ಕಡೆ ಚುಚ್ಚಿದ್ರು. ಇಲ್ಲಿ ಮೂರು, ಇಲ್ಲಿ ಎರಡು" ಅಂತ ತನ್ನ ಕೈಯ ಮೇಲೇ ತೋರಿಸಿದಳು. ಆ ಹುಡುಗಿ ಅಮ್ಮನನ್ನು ನೋಡುತ್ತಾ ಬರೆದುಕೊಂಡಳು. ಆಮೇಲೆ ಪ್ರಶ್ನೆಗಳನ್ನೆಲ್ಲ ಅಮ್ಮನಿಗೇ ಕೇಳಿದಳು.

ಆ ರಾತ್ರಿ ಅಪ್ಪಯ್ಯನ ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿ ಅಬ್ಸರ್ವೇಷನ್ನಿನಲ್ಲಿ ಇಟ್ಟರು. ಬಾಯಿಗೆ ಏನೂ ಕೊಡಬೇಡಿ ಅಂದರು. ನಾನು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತು ಓದಬಾರದ್ದನ್ನೆಲ್ಲ ಓದಿದೆ. 2004ರಲ್ಲಿ ಫ್ಲೋರಿಡಾದಲ್ಲಿ ಒಬ್ಬ ಡಾಕ್ಟರ್ ಲ್ಯಾಬಿನ ಸಂಶೋಧನೆಗೆಂದು ಮಾರುವ ಕಚ್ಚಾ ವಿಷವನ್ನು ಅಗ್ಗವೆಂದು ತರಿಸಿ ಚುಚ್ಚಿದ, ತನಗೂ ಚುಚ್ಚಿಕೊಂಡ. ಅವನೂ ಸೇರಿ ನಾಲ್ಕು ಜನ ವೆಂಟಿಲೇಟರ್ ಸೇರಿದರು. 2023ರಲ್ಲಿ ಟರ್ಕಿಯಲ್ಲಿ ತೂಕ ಇಳಿಸಲೆಂದು ಜಠರದ ಗೋಡೆಗೆ ಇದನ್ನು ಚುಚ್ಚಿಸಿಕೊಂಡವರಲ್ಲಿ 60ಕ್ಕೂ ಹೆಚ್ಚು ಜನರಿಗೆ ಬೊಟುಲಿಸಂ ಆಯಿತು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಿಂದ ಹೋಗಿದ್ದವರೂ ಅದರಲ್ಲಿದ್ದರು. ಚಿಕಿತ್ಸೆಯ ಪ್ರವಾಸ, ಪ್ಯಾಕೇಜ್ ದರ. ಕುದುರೆಯ ರಕ್ತದಿಂದ ಮಾಡುವ ಪ್ರತಿವಿಷ ಇದೆ. ಆದರೆ ಅದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯುತ್ತೆ, ನರದೊಳಗೆ ಹೊಕ್ಕಿದ್ದನ್ನು ಹೊರಗೆ ತರಲ್ಲ. ಅದಕ್ಕೆ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಮಿಕ್ಕಿದ್ದು ನರ ಮತ್ತೆ ಚಿಗುರುವವರೆಗೆ ಕಾಯುವ ಕೆಲಸ, ವಾರಗಳು, ತಿಂಗಳುಗಳು.

ಬೆಳಿಗ್ಗೆ ಸ್ಪೀಚ್ ಥೆರಪಿಸ್ಟ್ ಬಂದು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟು ನುಂಗಿಸಿ ನೋಡಿದರು. ನುಂಗುತ್ತಿದ್ದಾರೆ, ನಿಧಾನ ಅಷ್ಟೆ. ರೆಪ್ಪೆ, ಉಸಿರು, ಎಡಗೈ ಬಲ ಎಲ್ಲ ಸರಿ ಇತ್ತು. ಹತ್ತು ದಿನ ಗಟ್ಟಿ ಪಾನೀಯ, ಗಲ್ಲ ಎದೆಗೆ ತಂದು ನುಂಗುವುದು. ಇಂಜೆಕ್ಷನ್ನಿನಿಂದ ಆದದ್ದಾ ಅಂತ ಕೇಳಿದೆ. ಹೇಳಲಾಗಲ್ಲ ಅಂದರು. ಸ್ಟ್ರೋಕಿನಿಂದಲೇ ಮೊದಲಿಂದಲೂ ನುಂಗುವುದು ಸ್ವಲ್ಪ ಸಡಿಲ ಇದ್ದಿರಬಹುದು, ಗಂಜಿ ಬಿಸಿ ಇದ್ದಿರಬಹುದು. ಅಂಥವರಿಗೆ ಈ ಔಷಧ ಕೊಡುವ ಮುಂಚೆ ನುಂಗುವುದನ್ನು ಪರೀಕ್ಷಿಸಿಕೊಂಡರೆ ಒಳ್ಳೆಯದು ಅಂದರು. ಅದನ್ನು ಕೇಳಿಸಿಕೊಂಡಿದ್ದು ಎಲ್ಲ ಮುಗಿದ ಮೇಲೆ.

ನಮ್ಮ ಲೇಔಟಿನ ತಿರುವಿನಲ್ಲಿ ಒಂದು ಸಲೂನ್ ಇದೆ. "ಬೊಟಾಕ್ಸ್, ಮೊದಲ ಸಲ ಬಂದವರಿಗೆ ರಿಯಾಯಿತಿ" ಅಂತ ಫ್ಲೆಕ್ಸ್ ಹಾಕಿದ್ದಾರೆ. ಪಕ್ಕದಲ್ಲೇ ಹೇರ್ ಬೊಟಾಕ್ಸ್ ಅಂತಲೂ ಇದೆ, ಅದು ಬರೀ ಕೂದಲಿಗೆ ಹಚ್ಚುವ ಕಂಡೀಷನರು, ಅದರಲ್ಲಿ ಈ ವಿಷವೂ ಇಲ್ಲ, ಮಣ್ಣೂ ಇಲ್ಲ. ಮೊದಲನೆಯದರ ಬಗ್ಗೆ ನಮ್ಮ ಟೀಮಿನವಳೊಬ್ಬಳು, ಮದುವೆ ಹತ್ತಿರ ಇರುವವಳು, ಹೇಗೂ ಎಲ್ಲರೂ ಮಾಡಿಸ್ತಾರಲ್ಲ ಅಂತ ಕೇಳಿದಳು. ಬೇಡ ಅಂತ ಹೇಳಲಿಲ್ಲ, ಚರ್ಮದ ಡಾಕ್ಟರ ಹತ್ತಿರ ಸಾವಿರಾರು ಜನ ಮಾಡಿಸಿಕೊಂಡು ಆರಾಮಾಗಿದ್ದಾರೆ. ಯಾರು ಚುಚ್ಚುತ್ತಾರೆ, ಡಬ್ಬ ನಿನ್ನ ಎದುರೇ ಒಡೆಯುತ್ತಾರಾ, ಎಷ್ಟು ಸಲೈನ್ ಬೆರೆಸುತ್ತಾರೆ ಕೇಳು, ಡಬ್ಬದ ಫೋಟೋ ತಗೋ ಅಂದೆ. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್‌ನಿಂದ ಜನ ಆಸ್ಪತ್ರೆ ಸೇರಿದ್ದನ್ನೂ ಹೇಳಿದೆ. ಅವಳು ಸಲೂನಿಗೆ ಹೋಗಿ ಕೇಳಿದಳಂತೆ. "ಅದೆಲ್ಲ ಯಾಕೆ ಮೇಡಂ, ಇಂಪೋರ್ಟೆಡ್ ಮಾಲು" ಅಂದರಂತೆ. ವಾಪಸ್ ಬಂದಳು.

ಮೂರನೇ ವಾರ ಅಪ್ಪಯ್ಯನ ಹೆಬ್ಬೆರಳು ಸಡಿಲವಾಯಿತು, ಆಮೇಲೆ ಉಳಿದವು. ಅಂಗೈ ತುಂಬಾ ಹಳೇ ಗಾಯದ ಕಲೆ, ಸತ್ತ ಚರ್ಮ. ಅಮ್ಮ ಬಿಸಿನೀರಿನ ಬೋಗುಣಿ ತಂದು ಅವರ ಕೈ ಮುಳುಗಿಸಿ, ಎಂಟು ತಿಂಗಳಿಂದ ಸರಿಯಾಗಿ ಕತ್ತರಿಸಲಾಗದ ಉಗುರನ್ನು ಒಂದೊಂದಾಗಿ ಕತ್ತರಿಸಿದಳು. ಕೈಯಲ್ಲಿ ಬಲ ಬಂದಿಲ್ಲ, ಇಂಜೆಕ್ಷನ್ ಬಲ ಕೊಡುವುದೂ ಇಲ್ಲ, ಬಿಗಿ ಬಿಡಿಸುತ್ತೆ ಅಷ್ಟೆ. ಜೇನುಪೆಟ್ಟಿಗೆ ಎತ್ತುವ ಮಾತು ದೂರ. ಅವರು ಆ ಬಿಚ್ಚಿದ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತಿದ್ದರು. ಆಗಲೇ ಅಮ್ಮ, ಉಗುರು ಗುಡಿಸುತ್ತಾ, ಯಾರಿಗೂ ಅಲ್ಲದ ಹಾಗೆ ಅಂದಳು, "ಆ ಬಾಟ್ಲಿ ಜೇನು ಈ ಕೈಯಾಗೆ ತೆಗ್ದಿದ್ದು."

ಎರಡನೇ ಡೋಸಿಗೆ ಹೋಗುವ ಮುಂಚೆ ನುಂಗುವ ಪರೀಕ್ಷೆ ಮಾಡಿಸಿದೆವು. ಫಾರಂನ ನಾಲ್ಕೂ ಪುಟ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ನರ್ಸ್ ಎರಡು ಸಲ ವಾಚ್ ನೋಡಿಕೊಂಡರು. ಅಮ್ಮ ಮೂರನೇ ಪುಟಕ್ಕೆ ಬಂದಾಗ "ಅಲ್ಲೇ, ಅದನ್ನ ಇನ್ನೊಂದ್ ಸಲ ಓದು" ಅಂದಳು.

ಅವರಿಬ್ಬರೂ ಊರಿಗೆ ಹೊರಡುವ ದಿನ ಅಮ್ಮ ಕುಕ್ಕರಿನ ಹಿಂದಿನಿಂದ ಬಾಟಲಿ ತೆಗೆದಳು. ನನ್ನ ಮಾರ್ಕರ್ ಪೆನ್ ಕೇಳಿ, ಹಾರ್ಲಿಕ್ಸ್ ಲೇಬಲ್ಲಿನ ಬಿಳಿ ಜಾಗದಲ್ಲಿ ಮಗುವಿನ ಮೊದಲ ಹುಟ್ಟುಹಬ್ಬದ ಮಾರನೇ ದಿನದ ತಾರೀಕು ಬರೆದಳು. ಮತ್ತೆ ಫ್ರಿಜ್ಜಿನ ಮೇಲೆ ಇಟ್ಟಳು. "ಒಂದು ದಿನ ಹೆಚ್ಚಿಗೆ ಇರ್ಲಿ" ಅಂದಳು.

ಈಗ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಾಳೆ, ಜೇನು ಹರಳುಗಟ್ಟಿದ್ಯಾ, ಇರುವೆ ಬಂದಿದ್ಯಾ ಅಂತ. ಎಲ್ಲ ಸರಿಯಾಗಿದೆ ಅನ್ನುತ್ತೇನೆ. ನಾನೂ ಹೆಂಡತಿಯೂ ದೋಸೆಗೆ ಹಾಕಿಕೊಂಡು ಅರ್ಧ ಬಾಟಲಿ ಮುಗಿಸಿರುವುದನ್ನು ಅವಳಿಗೆ ಇನ್ನೂ ಹೇಳಿಲ್ಲ.